ಗೋಡೆಯ ಮೇಲಿನ ರಸೀದಿ

ಮಹಾಲ್, ನಾಗಪುರ
17 ಡಿಸೆಂಬರ್ 2023

ಅಪ್ಪಾ,

ತಿಂಗಳಿಗೆ ಎರಡು ಕಾಗದ, ಅದೂ ಕನ್ನಡದಲ್ಲಿ, ಎಂಬ ನಿಮ್ಮ ಷರತ್ತಿಗೆ ಇದು ಒಂಬತ್ತನೆಯದು. ಫೋನಿನಲ್ಲಿ ಎರಡು ನಿಮಿಷಕ್ಕೆ ಮುಗಿಯುವ ಮಾತಿಗೆ ನನಗೆ ಇಡೀ ಭಾನುವಾರ ಬೇಕು. ಐದನೇ ಕ್ಲಾಸಿನಿಂದ ಇಂಗ್ಲಿಷ್ ಹಾಸ್ಟೆಲಿನಲ್ಲಿ ಇಟ್ಟವರೂ ನೀವೇ, ಈಗ ಮಗಳಿಗೆ ಒತ್ತಕ್ಷರ ಬರುವುದಿಲ್ಲವೆಂದು ಕೊರಗುವವರೂ ನೀವೇ. ಇರಲಿ. ಯಥಾಪ್ರಕಾರ ಕೆಂಪು ಪೆನ್ನಿನಲ್ಲಿ ತಿದ್ದಿ ವಾಪಸ್ ಕಳಿಸಿ.

ಮೊದಲು ತಪ್ಪೊಪ್ಪಿಗೆ. ನನಗೆ ದಂಡ ಬಿತ್ತು. ನನ್ನ ರೂಮ್‌ಮೇಟ್ ಖುಷಿ ಗೊಂದಿಯಾದವಳು, ಚಳಿ ತಡೆಯುವುದಿಲ್ಲ. ನೀರು ಕಾಯಿಸುವ ರಾಡ್ ತಂದು ಮಂಚದ ಕೆಳಗೆ ಬಚ್ಚಿಟ್ಟಿದ್ದಳು. ಮೊನ್ನೆ ಬೆಳಿಗ್ಗೆ ನಮ್ಮ ಹಾಸ್ಟೆಲಿನ ಒಡತಿ ಗಂಗೂ ಕಾಕೂ ಬಾಗಿಲು ತಳ್ಳಿಕೊಂಡು ಬಂದಾಗ ಬಕೆಟ್ಟಿನಿಂದ ಹಬೆ ಏಳುತ್ತಿತ್ತು.

"ಯಾರದಿದು?" ಅಂದರು.

ಖುಷಿ ನನ್ನನ್ನು ನೋಡಿದಳು. ನಾನು ಬಕೆಟ್ಟನ್ನು ನೋಡಿದೆ.

"ಏನವಾ ರಂಜನಿ, ನಿಮ್ಮಪ್ಪ ರೈಲ್ವೇದಾಗ ಕರೆಂಟಿನ ಮನಿಷಾ. ಆತನ ಮಗಳ ಖೋಲ್ಯಾಗ ರಾಡ್ ಅಂದ್ರ ನಾ ಯಾರ ಮುಂದ ಹೇಳ್ಲಿ? ಇಬ್ಬರಿಗೂ ದಂಡ. ಜಲ್ದಿ ಸ್ವಿಚ್ ತಗಿ."

ಮೆಟ್ಟಿಲ ಹತ್ತಿರ ದಂಡದ ಪಟ್ಟಿ ತೂಗುಹಾಕಿದ್ದಾರೆ. ರಾಡಿಗೆ ಇಷ್ಟು, ಕೆಟಲ್‌ಗೆ ಇಷ್ಟು, ಇಸ್ತ್ರಿಪೆಟ್ಟಿಗೆಗೆ ಇಷ್ಟು. ನಿಜ ಹೇಳಲಾ? ನನಗೆ ಆ ಪಟ್ಟಿ ಇಷ್ಟ. ಎಂಟು ವರ್ಷ ಬೋರ್ಡಿಂಗಿನಲ್ಲಿ ಬೆಳೆದವಳಿಗೆ, ಗೋಡೆಯ ಮೇಲೆ ದಂಡ ಬರೆದಿದ್ದರೆ ಯಾರೋ ಎಲ್ಲವನ್ನೂ ನೋಡಿಕೊಳ್ಳುತ್ತಿದ್ದಾರೆ ಅನ್ನಿಸುತ್ತದೆ. ನಿದ್ದೆ ಬರುತ್ತದೆ.

ಒಂದೇ ಅನುಮಾನ. ಅವತ್ತು ರಾಡ್ ಹಾಕಿದ್ದಾಗ ಬಚ್ಚಲಿನ ನಲ್ಲಿ ಮುಟ್ಟಿದೆ, ಬೆರಳು ಜುಂ ಅಂತು. ನಮ್ಮ ಹಾಸ್ಟೆಲ್ ಇರುವ ಈ ಹಳೆಯ ವಾಡೆಗೆ ಅರ್ಥಿಂಗ್ ಇದೆಯಾ ಎಂದು ಕಾಕೂಗೆ ಕೇಳಿದೆ (ಸೋರಿದ ಕರೆಂಟು ನೆಲಕ್ಕೆ ಇಳಿಯಲು ದಾರಿ ಬೇಕು ಎಂದು ನೀವು ಮನೆಯಲ್ಲಿ ದಿನಕ್ಕೆ ಹತ್ತು ಸಲ ಹೇಳುತ್ತಿದ್ದಿರಿ). "ಅಂಗಳದಾಗ ತುಳಸಿಕಟ್ಟಿ ಬಾಜೂಕ ಗುಂಡಿ ಐತಲ್ಲ, ನಮ್ಮ ಯಜಮಾನರು ಇದ್ದಾಗ ಮಾಡಿದ್ದು" ಅಂದರು. ನೀವು ನಾಗಪುರದಲ್ಲಿದ್ದಾಗ ಇಲ್ಲಿಗೆ ಬರುತ್ತಿದ್ದಿರಲ್ಲ, ನಿಮಗೆ ಗೊತ್ತಿರಬೇಕು. ಇದೆಯಾ?

ನೀವು ಕೊಟ್ಟ ಟೆಸ್ಟರ್ ನನ್ನ ಪೆನ್ಸಿಲ್ ಬಾಕ್ಸಿನಲ್ಲೇ ಇರುತ್ತದೆ. ಫಾರ್ಮಸಿ ಕ್ಲಾಸಿನಲ್ಲಿ ಅದು ಹೊರಗೆ ಬಿದ್ದು ಎಲ್ಲರೂ ನಕ್ಕರು.

ನಿಮ್ಮ
ರಂಜೂ


ಹುಬ್ಬಳ್ಳಿ
27 ಡಿಸೆಂಬರ್ 2023

ರಂಜೂ,

ಕಾಗದ ತಿದ್ದಿ ಜೊತೆಗಿಟ್ಟಿದ್ದೇನೆ. ಒಟ್ಟು ಏಳು ತಪ್ಪು, ಹೋದ ಸಲಕ್ಕಿಂತ ನಾಲ್ಕು ಕಡಿಮೆ. ನಿನ್ನ ಅವ್ವನಿಗೂ ಓದಿ ಹೇಳಿದೆ. ಬಕೆಟ್ಟಿನ ಮಾತಿಗೆ ನಕ್ಕಳು.

ದಂಡ ಹಾಕಿದ್ದು ಸರಿ. ಗಂಗೂಬಾಯಿಯ ಮಾತು ಮೀರಬೇಡ. ನಾನು ವರ್ಗವಾಗಿ ನಾಗಪುರಕ್ಕೆ ಬಂದ ಹೊಸದರಲ್ಲಿ ಮರಾಠಿ ಬಾರದೆ, ಕ್ವಾರ್ಟರ್ಸ್ ಸಿಗದೆ ಒದ್ದಾಡುತ್ತಿದ್ದೆ. ಆಕೆಯ ಗಂಡ ಗುಂಡಪ್ಪ, ನಾನು ಅಜನಿ ಸ್ಟೇಷನ್ನಿನಲ್ಲಿ ಫೋನಿನಲ್ಲಿ ಕನ್ನಡ ಮಾತಾಡುವುದನ್ನು ಕೇಳಿ, ಕೈಹಿಡಿದು ಮನೆಗೆ ಕರೆದೊಯ್ದ. ಹನ್ನೆರಡು ವರ್ಷ ಪ್ರತಿ ಭಾನುವಾರ ಆ ಮನೆಯಲ್ಲಿ ಉಂಡಿದ್ದೇನೆ. ವಾಡೆಯ ವೈರಿಂಗ್ ಅವನದೇ. ಪರವಾನಗಿ ಇದ್ದ ಕಂತ್ರಾಟುದಾರ, ಕೈ ಚಲೋ ಇತ್ತು.

ಒಂದು ಮಾತು ನೆನಪಿಡು. ಯಾರಿಗಾದರೂ ಕರೆಂಟು ಹಿಡಿದರೆ ಅವರನ್ನು ಮುಟ್ಟಬಾರದು. ಓಡಿಹೋಗಿ ಫ್ಯೂಸ್ ಕೀಳು. ಕಿತ್ತ ಫ್ಯೂಸನ್ನು ಅಲ್ಲೇ ಇಡಬೇಡ, ಕಿಸೆಗೆ ಹಾಕಿಕೊ. ಇಲ್ಲದಿದ್ದರೆ ಇನ್ನೊಬ್ಬ ಬಂದು ತಿಳಿಯದೆ ವಾಪಸ್ ಸಿಕ್ಕಿಸುತ್ತಾನೆ. ಮೂವತ್ತು ವರ್ಷದ ನೌಕರಿಯಲ್ಲಿ ನಾನು ಕಲಿತದ್ದು ಇದೊಂದೇ ಎಂದರೂ ನಡೆದೀತು.

ರಬ್ಬರ್ ಚಪ್ಪಲಿ ಕೊಂಡುಕೊ. ಬಚ್ಚಲಿಗೆ ಹಾಕಿಕೊಂಡು ಹೋಗು.

ನಿನ್ನ ಅಪ್ಪ
ಗಿರಿಧರ


ಮಹಾಲ್, ನಾಗಪುರ
18 ಫೆಬ್ರವರಿ 2024

ಅಪ್ಪಾ,

ಚಪ್ಪಲಿ ಕೊಂಡೆ. ನಿಮ್ಮ ಡಿಸೆಂಬರಿನ ಕಾಗದ ಮತ್ತೆ ತೆಗೆದು ಓದಿದೆ. ಅರ್ಥಿಂಗ್ ಬಗ್ಗೆ ಅದರಲ್ಲಿ ಒಂದು ಸಾಲೂ ಇಲ್ಲ. ಮರೆತಿರೇನೋ.

ಆ ಪ್ರಶ್ನೆಯನ್ನು ಈಗ ಬೇರೆಯವರು ಕೇಳಿದ್ದಾರೆ. ಹೋದ ಮಂಗಳವಾರ ಸದರ್ ಬಡಾವಣೆಯ ವಿದ್ಯುತ್ ತಪಾಸಣೆ ಕಚೇರಿಯಿಂದ ಭೋಯರ್ ಎಂಬ ಇನ್ಸ್‌ಪೆಕ್ಟರ್ ಬಂದಿದ್ದರು. ಬೇಸಿಗೆ ಶುರುವಾಗುವ ಮುಂಚೆ ಹಾಸ್ಟೆಲುಗಳ ತಪಾಸಣೆಯಂತೆ. ಕೂಲರಿಗೆ ನೀರು ತುಂಬಿಸಲು ಹೋಗಿ ಶಾಕ್ ಹೊಡೆದು ಸತ್ತವರ ಸುದ್ದಿ ಇಲ್ಲಿಯ ಪೇಪರಿನಲ್ಲಿ ಪ್ರತಿ ವರ್ಷ ಬರುತ್ತದೆ ಎಂದು ಖುಷಿ ಹೇಳಿದಳು. ಭೋಯರ್ ತೆಳ್ಳಗಿನ ಮನುಷ್ಯ, ಮಾತು ಕಡಿಮೆ. ತುಳಸಿಕಟ್ಟೆಯ ಪಕ್ಕ ಕುಕ್ಕರಗಾಲಿನಲ್ಲಿ ಕೂತು, ಸಿಮೆಂಟ್ ಮುಚ್ಚಳದಿಂದ ಹೊರಗೆ ಬಂದ ಪೈಪಿಗೆ ಮೀಟರಿನ ತಂತಿ ಸಿಕ್ಕಿಸಿ ಬಹಳ ಹೊತ್ತು ನೋಡಿದರು. "ಬಾಯಿ, ಇಥೆ ಕಾಹೀಚ್ ನಾಹೀ" ಅಂದರು. ಇಲ್ಲಿ ಏನೂ ಇಲ್ಲ ಅಂತ.

ಕೋರ್ಟು ಗೀರ್ಟು ಏನಿಲ್ಲ, ಕಚೇರಿಯೇ ದಂಡ ಹಾಕುತ್ತದಂತೆ. ಒಂದು ದಂಡ ಈಗಲೇ. ನಲವತ್ತೈದು ದಿನದೊಳಗೆ ಗುಂಡಿ ತೋಡಿಸಿ, ಪರೀಕ್ಷೆ ಮಾಡಿದವರ ಸಹಿ ಇರುವ ಟೆಸ್ಟ್ ರಿಪೋರ್ಟ್ ಕೊಡಬೇಕು. ಕೊಡದಿದ್ದರೆ ಮಾರ್ಚ್ 29ರಿಂದ ದಿನಕ್ಕಿಷ್ಟು ಎಂದು ದಂಡ ಏರುತ್ತಾ ಹೋಗುತ್ತದೆ. ಆಮೇಲೆ ಲೈನ್ ಕಟ್.

ನನಗೆ ಸಮಾಧಾನವಾಯಿತು. ಒಂದು ದಿನ ಮಾತ್ರ. ಮರುದಿನ ಕಾಕೂ ಸದರಿಗೆ ಹೋಗಿ ದಂಡ ಕಟ್ಟಿಬಂದರು. ಸಂಜೆ ನೋಡಿದರೆ ರಸೀದಿಯನ್ನು ಲ್ಯಾಮಿನೇಟ್ ಮಾಡಿಸಿ, ಮೀಟರ್ ಬೋರ್ಡಿನ ಪಕ್ಕದ ಗೋಡೆಗೆ ಅಂಟಿಸಿದ್ದಾರೆ. ಅಂಗಡಿಗಳಲ್ಲಿ ಲೈಸೆನ್ಸ್ ಹಾಕಿರುತ್ತಾರಲ್ಲ, ಹಾಗೆ.

"ಕಾಕೂ, ಗುಂಡಿ ಯಾವಾಗ ತೋಡಿಸ್ತೀರಿ?" ಅಂತ ಕೇಳಿದೆ.

"ಯಾವ ಗುಂಡಿ? ದಂಡ ಕಟ್ಟೇನಲ್ಲ."

"ದಂಡ ಬೇರೆ, ಗುಂಡಿ ಬೇರೆ ಅಲ್ವಾ ಕಾಕೂ."

"ರಾಡಿನ ದಂಡ ಕೊಟ್ಟ ಮ್ಯಾಲ ನಿನಗ ಮತ್ತ ಏನರೆ ಕೇಳಿದೆನೇನು ನಾ? ಮುಗೀತಲ್ಲ? ಹಂಗ ಇದೂ ಮುಗೀತು."

ಅಷ್ಟು ಹೇಳಿ ಅವರು ನಿಮ್ಮ ಈಗಿನ ಫೋನ್ ನಂಬರ್ ಕೇಳಿದರು, ಕೊಟ್ಟಿದ್ದೇನೆ.

ನಿಮ್ಮ
ರಂಜೂ


ಮಹಾಲ್, ನಾಗಪುರ
10 ಮಾರ್ಚ್ 2024

ಅಪ್ಪಾ,

ಹಿಂದಿನ ಕಾಗದಕ್ಕೆ ಉತ್ತರ ಬರುವ ಮೊದಲೇ ಇನ್ನೊಂದು. ಹೆದರಿಕೆ ಆದಾಗ ನನಗೆ ಬರೆದರೆ ಸ್ವಲ್ಪ ಕಡಿಮೆಯಾಗುತ್ತದೆ.

ಅಟ್ಟದ ಮೇಲಿದ್ದ ಕೂಲರುಗಳು ಇಳಿದಿವೆ. ರೂಮಿಗೊಂದು, ತಗಡಿನ ಪೆಟ್ಟಿಗೆ. ಹೊಸ ಹುಲ್ಲಿನ ಪಟ್ಟಿ ಹಾಕಿಸಿದ್ದಾರೆ, ನೀರು ಬಿದ್ದರೆ ಒಳ್ಳೆಯ ವಾಸನೆ ಬರುತ್ತದೆ. ಮೊದಲ ದಿನವೇ ಖುಷಿ ನೀರು ತುಂಬಿಸಿ ಕೈ ಹಿಂದಕ್ಕೆ ಎಳೆದುಕೊಂಡಳು. "ಚಾವತೇ" ಅಂದಳು. ಕಚ್ಚುತ್ತದೆ ಅಂತ. ನಾನು ಟೆಸ್ಟರ್ ತಂದು ತಗಡಿಗೆ ಮುಟ್ಟಿಸಿದೆ. ದೀಪ ಹತ್ತಿತು. ಪಕ್ಕದ ರೂಮಿನ ಕೂಲರಿಗೂ ಮುಟ್ಟಿಸಿದೆ, ಅಲ್ಲೂ ಹತ್ತಿತು. ಈಗ ಎಲ್ಲರೂ ಚಪ್ಪಲಿ ಹಾಕಿಕೊಂಡೇ ಕೂಲರ್ ಮುಟ್ಟುತ್ತೇವೆ, ದೇವಸ್ಥಾನಕ್ಕೆ ಉಲ್ಟಾ. ಖುಷಿ ನಮ್ಮ ಕೂಲರಿಗೆ ಸಾಸೂಬಾಯಿ ಎಂದು ಹೆಸರಿಟ್ಟಿದ್ದಾಳೆ, ಅತ್ತೆಯಮ್ಮ.

ಗುಂಡಿಯ ಕೆಲಸಕ್ಕೆ ಯಾರೂ ಬಂದಿಲ್ಲ. ಇನ್ನು ಹತ್ತೊಂಬತ್ತು ದಿನ. ದಿನದ ದಂಡ ಶುರುವಾದರೆ ಕಾಕೂ ತೋಡಿಸಲೇಬೇಕಾಗುತ್ತದೆ, ಅದೊಂದೇ ಧೈರ್ಯ. ಆದರೆ ಅವರ ಮುಖದಲ್ಲಿ ಚಿಂತೆ ಕಾಣುವುದಿಲ್ಲ. ನಿನ್ನೆ ಅಡುಗೆಮನೆಯಲ್ಲಿ ಯಾರಿಗೋ ಫೋನಿನಲ್ಲಿ ಕನ್ನಡದಲ್ಲಿ, "ನೀ ಒಬ್ಬಾಂವ ಅದೀಯಲ್ಲ ತಮ್ಮಾ, ನನಗೇನು ಕಾಳಜಿ" ಅನ್ನುತ್ತಿದ್ದರು. ಅವರಿಗೆ ತಮ್ಮಂದಿರು ಇದ್ದಾರೆಂದು ನನಗೆ ಗೊತ್ತಿರಲಿಲ್ಲ.

ನಿಮ್ಮ
ರಂಜೂ


ಹುಬ್ಬಳ್ಳಿ
19 ಮಾರ್ಚ್ 2024

ರಂಜೂ,

ಎರಡೂ ಕಾಗದ ಮುಟ್ಟಿದವು.

ಟೆಸ್ಟರ್ ದೀಪ ಎಷ್ಟೋ ಸಲ ಸುಳ್ಳು ಹೇಳುತ್ತದೆ. ಮಂದವಾಗಿ ಹತ್ತಿದರೆ ಗಾಬರಿಯಾಗಬೇಕಿಲ್ಲ. ಪ್ಲಗ್ ತಿರುಗಿಸಿ ಹಾಕಿ ನೋಡು. ಚಪ್ಪಲಿ ಬಿಡಬೇಡ. ನೀರು ತುಂಬುವ ಮುಂಚೆ ಸ್ವಿಚ್ ಆಫ್ ಮಾಡಿರಿ, ಆಮೇಲೆ ಪ್ಲಗ್ಗನ್ನೂ ಕೀಳಿರಿ.

ಅವ್ವ ಶೇಂಗಾ ಚಟ್ನಿ, ಕಡಕ್ ರೊಟ್ಟಿ ಕಟ್ಟಿಕೊಟ್ಟಿದ್ದಾಳೆ. ಪಾರ್ಸೆಲಿನ ತಳದಲ್ಲಿ ಅಂಟಿಸಿದ ಒಂದು ಕಂದು ಲಕೋಟೆ ಇದೆ. ಅದನ್ನು ಗಂಗೂಬಾಯಿಯ ಕೈಗೇ ಕೊಡು. ಗುಂಡಪ್ಪನ ಕಾಲದ ಹಳೆಯ ಕಾಗದಗಳು. ನೀನು ಬಿಚ್ಚುವುದು ಬೇಡ.

ಪರೀಕ್ಷೆಯ ಕಡೆ ಲಕ್ಷ್ಯ ಕೊಡು. ಮನೆಯ ಯಜಮಾನರ ವ್ಯವಹಾರ ಅವರಿಗಿರಲಿ.

ನಿನ್ನ ಅಪ್ಪ
ಗಿರಿಧರ


ಮಹಾಲ್, ನಾಗಪುರ
7 ಏಪ್ರಿಲ್ 2024

ಅಪ್ಪಾ,

ರೊಟ್ಟಿ ಎರಡೇ ದಿನಕ್ಕೆ ಖಾಲಿ. ಚಟ್ನಿಯನ್ನು ಖುಷಿ ಪೋಹೆಯ ಮೇಲೆ ಉದುರಿಸಿಕೊಂಡು ತಿನ್ನುತ್ತಾಳೆ.

ಲಕೋಟೆ ಕೊಟ್ಟೆ. ಕಾಕೂ ಅದನ್ನು ಕಣ್ಣಿಗೆ ಒತ್ತಿಕೊಂಡರು. ನನಗೆ ಶಿರಾ ಮಾಡಿಕೊಟ್ಟರು, ಅದೂ ಬರೀ ನನಗೊಬ್ಬಳಿಗೆ. ಮರುದಿನ ಇಸ್ತ್ರಿ ಸೀರೆ ಉಟ್ಟು ಸದರಿಗೆ ಹೋಗಿಬಂದರು.

ಮಾರ್ಚ್ 29 ಬಂತು, ಹೋಯಿತು. ದಿನದ ದಂಡ ಶುರುವಾಗಲಿಲ್ಲ. ಕೇಳಿದರೆ, "ರಿಪೋರ್ಟ್ ಕೊಟ್ಟೇನಿ, ಸಗಳಾ ಬರೋಬರ್ ಐತಿ ಅಂತ ಬರಕೊಂಡ್ರು" ಅಂದರು. ಎಲ್ಲ ಸರಿ ಇದೆ ಅಂತ. ಅಂಗಳದಲ್ಲಿ ಯಾರೂ ಒಂದು ಹಾರೆ ಊರಿಲ್ಲ ಅಪ್ಪಾ. ಅದೇ ಮುಚ್ಚಳ, ಅದೇ ಪೈಪು. ಮೇಲೆ ಕಾಕೂ ಹಪ್ಪಳ ಒಣಗಿಸುತ್ತಾರೆ.

ಸಾಸೂಬಾಯಿ ಮೊದಲಿಗಿಂತ ಜೋರಾಗಿ ಕಚ್ಚುತ್ತಿದ್ದಾಳೆ. ನೀವು ಹೇಳಿದಂತೆ ಪ್ಲಗ್ ತಿರುಗಿಸಲು ಹೋದೆ. ಅದು ಮೂರು ಪಿನ್ನಿನದು, ತಿರುಗುವುದೇ ಇಲ್ಲ. ಇದು ನಿಮಗೆ ಗೊತ್ತಿಲ್ಲದ್ದೇನಲ್ಲ.

ಈ ಸಲ ನೀವು ನನ್ನ ಕಾಗದ ತಿದ್ದಿ ಕಳಿಸಲಿಲ್ಲ. ಎರಡನ್ನೂ.

ನಿಮ್ಮ
ರಂಜೂ


ಮಹಾಲ್, ನಾಗಪುರ
28 ಏಪ್ರಿಲ್ 2024

ಅಪ್ಪಾ,

ಫೋನಿನಲ್ಲಿ ಹೇಳಿದ್ದನ್ನೇ ಮತ್ತೆ ಬರೆಯುತ್ತಿದ್ದೇನೆ. ಫೋನಿನಲ್ಲಿ ಪೂರ್ತಿ ಹೇಳಲು ಆಗಲಿಲ್ಲ.

ಮಂಗಳವಾರ, 23ನೇ ತಾರೀಖು, ಬೆಳಿಗ್ಗೆ ಹನ್ನೊಂದೂವರೆ. ಹೊರಗೆ ಬಿಸಿಲು ನೋಡಲಾಗುತ್ತಿರಲಿಲ್ಲ. ಕೂಲರಿನ ನೀರು ತಳ ಕಂಡಿತ್ತು. ಖುಷಿಯ ಚಪ್ಪಲಿಯ ಪಟ್ಟಿ ಹಿಂದಿನ ದಿನ ಕಿತ್ತುಹೋಗಿತ್ತು. "ಸಾಸೂಬಾಯಿಗೆ ಬಾಯಾರಿದೆ" ಅಂತ ಬಕೆಟ್ ಎತ್ತಿಕೊಂಡು ಹೋದಳು. ನಾನು ಟೇಬಲ್ಲಿನಲ್ಲಿ ಕೂತು ಓದುತ್ತಿದ್ದೆ, ಸ್ವಿಚ್ ಆಫ್ ಮಾಡಿದಳೋ ಇಲ್ಲವೋ ನೋಡಲಿಲ್ಲ. ಬಕೆಟ್ ಬಿದ್ದ ಸದ್ದಾಯಿತು. ತಿರುಗಿ ನೋಡಿದರೆ ಅವಳ ಕೈ ತಗಡಿಗೆ ಅಂಟಿಕೊಂಡಿದೆ, ಬಾಯಿ ತೆರೆದಿದೆ. ಕೂಗಲಿಲ್ಲ. ಕೂಗಲು ಆಗುವುದಿಲ್ಲ ಎಂದು ನೀವು ಎಂದೂ ಹೇಳಿರಲಿಲ್ಲ.

ನಾನು ಎಷ್ಟು ಹೊತ್ತು ನಿಂತಿದ್ದೆನೋ ಗೊತ್ತಿಲ್ಲ. ಆಮೇಲೆ ಕೆಳಗೆ ಓಡಿ ಫ್ಯೂಸ್ ಕಿತ್ತೆ. ಕಿಸೆಗೆ ಹಾಕಿಕೊಂಡೆ. ಅದನ್ನು ಮಾತ್ರ ಮರೆಯಲಿಲ್ಲ. ಮೇಲೆ ಬಂದಾಗ ಕಾಕೂ ಅವಳ ಕಾಲನ್ನು ತೊಡೆಯ ಮೇಲೆ ಇಟ್ಟುಕೊಂಡು ಅಂಗಾಲು ಉಜ್ಜುತ್ತಿದ್ದರು. "ಪೋರಿ, ಡೋಳೆ ಉಘಡ್, ಡೋಳೆ ಉಘಡ್" ಅನ್ನುತ್ತಿದ್ದರು. ಕಣ್ಣು ತೆಗಿ ಅಂತ. ತೆಗೆದಳು, ಆಟೋದಲ್ಲಿ ಹೋಗುವಾಗ.

ಬದುಕಿದ್ದಾಳೆ. ಬಲಗೈಯ ಮೂರು ಬೆರಳು ಸುಟ್ಟಿವೆ, ಉಳಿಯುತ್ತವೋ ಇಲ್ಲವೋ ಡಾಕ್ಟರು ಇನ್ನೂ ಹೇಳಿಲ್ಲ. ಅವಳ ಅಪ್ಪ ಬಂದು, ನಮ್ಮ ರೂಮಿನಲ್ಲಿ ಅವಳ ಸಾಮಾನು ಕಟ್ಟುವಾಗ, ಆ ರಾಡನ್ನು ಕೈಯಲ್ಲಿ ಹಿಡಿದು, "ಇದೇನಾ?" ಎಂದು ಕೇಳಿದರು. ಅಲ್ಲ ಅಂದೆ.

ಮರುದಿನ ಭೋಯರ್ ಬಂದರು. ಸಿಮೆಂಟ್ ಮುಚ್ಚಳ ಒಡೆಸಿದರು. ಪೈಪನ್ನು ಕೈಯಿಂದ ಎಳೆದರು. ಬಂತು ಅಪ್ಪಾ, ಮೂಲಂಗಿ ಬಂದ ಹಾಗೆ. ಒಂದು ಮೊಳ ಉದ್ದ. ಕೆಳಗೆ ಇರಬೇಕಾಗಿದ್ದ ಇದ್ದಿಲಿಲ್ಲ, ಉಪ್ಪಿಲ್ಲ, ತಾಮ್ರದ ತಟ್ಟೆಯಿಲ್ಲ. ಹಳೆಯ ಟೈಲ್ಸ್ ಚೂರು. ಅವರು ಆ ಪೈಪನ್ನು ತುಳಸಿಕಟ್ಟೆಯ ಮೇಲೆ ಇಟ್ಟು ಫೈಲ್ ತೆರೆದರು. ಕಾಕೂ ಕೊಟ್ಟ ಟೆಸ್ಟ್ ರಿಪೋರ್ಟ್ ಅಲ್ಲಿತ್ತು. ಗುಂಡಿ ಎಂಟು ಅಡಿ ಆಳ, ಪರೀಕ್ಷಿಸಿದೆ, ಸರಿಯಾಗಿದೆ ಎಂದು ಇಂಗ್ಲಿಷಿನಲ್ಲಿ. ತಾರೀಖು 18 ಮಾರ್ಚ್ 2024. ಗುಂಡಪ್ಪನವರ ಹೆಸರಿನ ಮೊಹರು. ಅವರು ತೀರಿಕೊಂಡು ಮೂರು ವರ್ಷ.

"ಮೊಹರು ನೋಡಿ ಫೈಲಿಗೆ ಹಾಕಿದೆ, ಸಹಿ ನೋಡಲಿಲ್ಲ" ಎಂದು ಭೋಯರ್ ತಮಗೇ ಎಂಬಂತೆ ಅಂದರು. ಸಹಿ ಕನ್ನಡದಲ್ಲಿತ್ತು. ಯಾರದು ಎಂದು ಕಾಕೂಗೆ ಕೇಳಿದರು. ಯಜಮಾನರ ಹಳೆಯ ಕೆಲಸದ ಹುಡುಗ ಯಾರೋ, ಊರು ಬಿಟ್ಟುಹೋದ ಅಂದರು. ಕನ್ನಡ ಯಾರಿಗೆ ಬರುತ್ತದೆ ಎಂದು ನಮ್ಮನ್ನೆಲ್ಲ ಕೇಳಿದರು. ಯಾರೂ ಮಾತಾಡಲಿಲ್ಲ. ನಾನೂ.

ಕೊನೆಯ ಅಕ್ಷರದ ಬಾಲ ಇಡೀ ಹೆಸರಿನ ಕೆಳಗೆ ಗೆರೆಯಾಗಿ ಹಿಂದಕ್ಕೆ ಓಡಿ ಬರುತ್ತದಲ್ಲ, ಅದನ್ನು ನಾನು ಈ ವರ್ಷ ನಿಮ್ಮ ಎಷ್ಟು ಕಾಗದಗಳ ಕೊನೆಯಲ್ಲಿ ನೋಡಿಲ್ಲ.

ಮಂಗಳವಾರ ಸಂಜೆ ಫೋನಿನಲ್ಲಿ ನೀವು "ನೀನು ಅವಳನ್ನು ಮುಟ್ಟಲಿಲ್ಲವಲ್ಲ?" ಎಂದು ಮೂರು ಸಲ ಕೇಳಿದಿರಿ. ಆಮೇಲೆ ಫೋನನ್ನು ಅವ್ವನ ಕೈಗೆ ಕೊಟ್ಟಿರಿ.

ದಿನದ ದಂಡ ಶುರುವಾಗಿದ್ದರೆ ಕಾಕೂ ಗುಂಡಿ ತೋಡಿಸುತ್ತಿದ್ದರು. ಅದನ್ನು ನಿಲ್ಲಿಸಿದ್ದು ಆ ಲಕೋಟೆ. ಅದನ್ನು ಕೊಟ್ಟವಳು ನಾನು, ಶಿರಾ ತಿಂದವಳೂ ನಾನು.

ರಂಜನಿ


ಮಹಾಲ್, ನಾಗಪುರ
5 ಮೇ 2024

ಅಪ್ಪಾ,

ನಿಮ್ಮ ಕಾಗದ ಬಂದಿಲ್ಲ. ಫೋನ್ ಮಾಡಿದರೆ ಡ್ಯೂಟಿಯ ಮೇಲಿದ್ದಾರೆ ಎಂದು ಅವ್ವ ಹೇಳುತ್ತಾಳೆ, ಹಿಂದೆ ನೀವು ಕೆಮ್ಮುವುದು ಕೇಳುತ್ತದೆ.

13ನೇ ತಾರೀಖು ಸೋಮವಾರ ಸದರಿನಲ್ಲಿ ವಿಚಾರಣೆ. ಫ್ಯೂಸ್ ಕಿತ್ತವಳು ಎಂದು ನನ್ನನ್ನೂ ಕರೆದಿದ್ದಾರೆ. ಫ್ಯೂಸ್ ಇನ್ನೂ ನನ್ನ ಬ್ಯಾಗಿನಲ್ಲಿದೆ. ನಮ್ಮ ಮಹಡಿಯಲ್ಲಿ ಕರೆಂಟಿಲ್ಲ. ಕಾಕೂ ದಿನಾ ಕೇಳುತ್ತಾರೆ, ನಾನು ಕೊಡುವುದಿಲ್ಲ. ಹುಡುಗಿಯರು ನನ್ನನ್ನು ಬೈಯುತ್ತಾ ಅಂಗಳದಲ್ಲಿ ಮಲಗುತ್ತಾರೆ.

ಏನು ಹೇಳಲಿ?

ರಂಜನಿ


ಹುಬ್ಬಳ್ಳಿ
8 ಮೇ 2024

ರಂಜೂ,

ಮೂರು ಸಲ ಬರೆದು ಹರಿದೆ.

ಗುಂಡಪ್ಪ ಕೆಲಸ ಮುಗಿಸಿ ಭಾನುವಾರ ರಿಪೋರ್ಟುಗಳನ್ನು ಊಟದ ಎಲೆಯ ಪಕ್ಕ ಇಡುತ್ತಿದ್ದ. ಪರೀಕ್ಷೆ ಮಾಡಿದ ಸೂಪರ್‌ವೈಸರನ ಸಹಿ ಬೇಕಿತ್ತು, ಆ ಪರವಾನಗಿ ನನಗಿತ್ತು. ಮೊದಮೊದಲು ಹೋಗಿ ಮೀಟರ್ ಹಚ್ಚಿ ನೋಡುತ್ತಿದ್ದೆ. ಆಮೇಲೆ ಬಿಸಿಲು, ಆಮೇಲೆ ನಂಬಿಕೆ. ಗುಂಡಪ್ಪ ಮಾಡಿದ ಮೇಲೆ ನೋಡುವುದೇನು ಅನ್ನಿಸಿತು. ಒಂದು ರೂಪಾಯಿ ಮುಟ್ಟಿಲ್ಲ. ಇಂಗ್ಲಿಷಿನ ನಮೂನೆಯ ಮೇಲೆ ಕನ್ನಡದಲ್ಲಿ ಸಹಿ ಮಾಡುವುದು ನನಗೊಂದು ಹೆಮ್ಮೆಯಾಗಿತ್ತು. ಈ ಸಲ ಗಂಗೂಬಾಯಿ ಫೋನಿನಲ್ಲಿ ಅತ್ತಳು. ಗುಂಡಪ್ಪನ ಖಾಲಿ ನಮೂನೆ, ಮೊಹರು ನನ್ನ ಹಳೆಯ ಟ್ರಂಕಿನಲ್ಲೇ ಇದ್ದವು.

ನಿವೃತ್ತಿಗೆ ಹದಿನಾಲ್ಕು ತಿಂಗಳಿದೆ. ಸೋಮವಾರ ಅವರು ಸಹಿ ತೋರಿಸಿ ಕೇಳಿದರೆ ಓದಲು ಬರುವುದಿಲ್ಲ ಎನ್ನು. ಚಿಕ್ಕಂದಿನಿಂದ ಇಂಗ್ಲಿಷ್ ಹಾಸ್ಟೆಲಿನಲ್ಲಿ ಬೆಳೆದವಳು, ನಿನಗೆ ಕನ್ನಡ ಬರುವುದಿಲ್ಲ ಎಂದರೆ ಯಾರೂ ಅನುಮಾನ ಪಡುವುದಿಲ್ಲ.

ಈ ಕಾಗದ ಓದಿದ ಮೇಲೆ ಇಟ್ಟುಕೊಳ್ಳಬೇಡ.

ನಿನ್ನ ಅಪ್ಪ


ಮಹಾಲ್, ನಾಗಪುರ
14 ಮೇ 2024

ಅಪ್ಪಾ,

ನಿಮ್ಮ ಕಾಗದ ಶನಿವಾರ ಬಂತು. ಈ ಸಲ ಕೆಳಗೆ ಸಹಿ ಇರಲಿಲ್ಲ.

ಕಚೇರಿಯ ಹೊರಗೆ ಬೆಂಚಿನ ಮೇಲೆ ಕಾಕೂ ನನ್ನ ಪಕ್ಕ ಕೂತರು. ಇಳಕಲ್ ಸೀರೆ ಉಟ್ಟಿದ್ದರು. "ನೀ ಸಣ್ಣಾಕಿ ಇದ್ದಿ, ಸುಮ್ಮನ ಕೂಡು. ಎಷ್ಟ ದಂಡ ಹಾಕ್ತಾರ ಹಾಕ್ಲಿ, ನಾ ಕಟ್ತೀನಿ. ನಿಮ್ಮಪ್ಪನ ಹೆಸರು ಇದರಾಗ ಯಾಕ ಬೇಕು. ನನ್ನ ಗಂಡ ಸತ್ತಾಗ ಹೆಗಲು ಕೊಟ್ಟ ಮನಿಷಾ ಅಂವ." ಅವರ ಕೈ ನನ್ನ ಮೊಣಕಾಲ ಮೇಲಿತ್ತು, ಅದೇ ಕೈ ಖುಷಿಯ ಅಂಗಾಲು ಉಜ್ಜಿದ್ದು. ಅವರನ್ನು ದ್ವೇಷಿಸಲು ನನಗೆ ಆಗಲಿಲ್ಲ. ಆಗಿದ್ದರೆ ಸುಲಭವಿತ್ತು.

ಒಳಗೆ ಭೋಯರ್, ಒಬ್ಬ ಗುಮಾಸ್ತ. ಮೊದಲ ಪ್ರಶ್ನೆ, "ಪೂರ್ಣ ನಾವ್ ಸಾಂಗಾ." ಇಲ್ಲಿ ಎಲ್ಲದಕ್ಕೂ ಪೂರ್ಣ ಹೆಸರು, ಮಧ್ಯದಲ್ಲಿ ಅಪ್ಪನ ಹೆಸರು. ಅಡ್ಮಿಶನ್ ದಿನದಿಂದ ನೂರು ಸಲ ಹೇಳಿದ್ದೇನೆ, ಬಾಯಿಪಾಠ. ಹೇಳಿದೆ. ರಂಜನಿ ಗಿರಿಧರ ಮುಳಗುಂದ. ಗುಮಾಸ್ತ ಬರೆದುಕೊಂಡ. ಯಾರಿಗೂ ಏನೂ ಅನ್ನಿಸಲಿಲ್ಲ.

ಫ್ಯೂಸಿನ ವಿಷಯ ಕೇಳಿದರು. ಬ್ಯಾಗಿನಿಂದ ತೆಗೆದು ಮೇಜಿನ ಮೇಲೆ ಇಟ್ಟೆ. ಭೋಯರ್ ಅದನ್ನು ತಿರುಗಿಸಿ ನೋಡಿ, ಕಿಸೆಯಲ್ಲಿ ಹಾಕಿಕೊಳ್ಳಲು ಯಾರು ಕಲಿಸಿದರು ಅಂದರು. ಅಪ್ಪ ಅಂದೆ. "ಚಾಂಗ್ಲಂ ಶಿಕವಲಂ" ಅಂದರು. ಒಳ್ಳೆಯದನ್ನು ಕಲಿಸಿದ್ದಾರೆ.

ಆಮೇಲೆ, ಮುಳಗುಂದ ಅಂದರೆ ಕರ್ನಾಟಕವೇ, ಕನ್ನಡ ಓದಲು ಬರುತ್ತದೆಯೇ ಎಂದರು. ಕಾಕೂ ನನ್ನ ಕಡೆ ನೋಡಲಿಲ್ಲ. ನಿಮ್ಮ ಕಾಗದವೂ ಅದೇ ಬ್ಯಾಗಿನಲ್ಲಿತ್ತು. ಬರುವುದಿಲ್ಲ ಎಂದು ಹೇಳಲು ಬಾಯಿ ತೆರೆದೆ, ಅಪ್ಪಾ, ನಿಜವಾಗಿ ತೆರೆದೆ. ಖುಷಿಯ ಬಾಯಿ ಹಾಗೇ ತೆರೆದಿತ್ತು.

"ಥೋಡಂ ಥೋಡಂ" ಅಂದೆ. ಸ್ವಲ್ಪ ಸ್ವಲ್ಪ.

ರಿಪೋರ್ಟನ್ನು ನನ್ನ ಮುಂದೆ ಸರಿಸಿದರು. ನಾಲ್ಕು ಅಕ್ಷರ. ಓದಿದೆ.

ಗುಮಾಸ್ತ ಬರೆಯಲು ಹೋದವನು ನಿಂತ. ಅವನ ಪೆನ್ನು ಮೆಲ್ಲಗೆ ಪುಟದ ಮೇಲಕ್ಕೆ ಹೋಗಿ, ನನ್ನ ಹೆಸರಿನ ನಡುವೆ ನಿಂತಿತು. ಭೋಯರ್ ತಮ್ಮ ನೀರಿನ ಗ್ಲಾಸನ್ನು ನನ್ನ ಕಡೆ ಸರಿಸಿದರು.

ಹೊರಡುವಾಗ ಭೋಯರ್ ಒಂದು ಮಾತು ಹೇಳಿದರು. ಇಂಥ ರಿಪೋರ್ಟುಗಳ ಮೂಲ ಮನೆಯವರ ಕಪಾಟಿನಲ್ಲಿ ಇರುತ್ತದೆ, ಏನಾದರೂ ಆಗುವವರೆಗೆ ಹೊರಗೆ ಬರುವುದಿಲ್ಲ. ಗುಂಡಪ್ಪ ಇಲ್ಲ. ಯಾವ ಯಾವ ಮನೆ ಎಂದು ಗೊತ್ತಿರುವುದು ಸಹಿ ಮಾಡಿದವರಿಗೆ ಮಾತ್ರ. ಎಲ್ಲ ಕಡೆ ಕೂಲರುಗಳು ನಡೆಯುತ್ತಿವೆ. 25ರಿಂದ ನೌತಪಾ, ಇಲ್ಲಿ ವರ್ಷದ ಅತಿ ಕೆಟ್ಟ ಬಿಸಿಲಿನ ಒಂಬತ್ತು ದಿನ.

ಇನ್ನೆಷ್ಟು ಮನೆ, ಅಪ್ಪಾ?

ರಂಜನಿ


ಹುಬ್ಬಳ್ಳಿ
20 ಮೇ 2024

ರಂಜನಿ,

ಹನ್ನೊಂದು.

ನೆನಪಿದ್ದಷ್ಟು ಗುರುತು ಬರೆಯುತ್ತೇನೆ. ಮಹಾಲಿನಲ್ಲೇ ನಾಲ್ಕು. ಬಳೆ ಅಂಗಡಿಯ ಮೇಲಿನ ಕೋಚಿಂಗ್ ಕ್ಲಾಸು, ಬಾವಿ ಇರುವ ವಾಡೆ, ಅದರ ಎದುರು ಹಿಟ್ಟಿನ ಗಿರಣಿ, ಹಸಿರು ಬಾಗಿಲಿನ ಎರಡಂತಸ್ತಿನ ಮನೆ. ಸದರಿನಲ್ಲಿ ಎರಡು, ಒಂದು ಟೈಲರ್ ಅಂಗಡಿ, ಒಂದು ಚರ್ಚಿನ ಹಿಂದಿನ ಬಾಡಿಗೆ ಮನೆ. ಏಳನೆಯದು ಬುಟಿಬೋರಿಯಲ್ಲಿ ಹೆದ್ದಾರಿಯ ಬಸ್ ಸ್ಟಾಪಿನ ಪಕ್ಕದ ಗಲ್ಲಿ, ಕಾರ್ಖಾನೆ ಕೆಲಸಗಾರರ ಸಾಲುಮನೆ, ಕೊನೆಯ ಬಾಗಿಲು. ಉಳಿದ ನಾಲ್ಕೂ ಅದೇ ಸಾಲಿನ ಹಿಂದೆ. ಹಾಳೆಯ ಹಿಂಬದಿಯಲ್ಲಿ ನಕ್ಷೆ ಬರೆದಿದ್ದೇನೆ. ಗೆರೆ ಸೊಟ್ಟಗಾಗಿದೆ.

ಇದೇ ಪಟ್ಟಿಯನ್ನು ಭೋಯರ್ ಅವರಿಗೂ ಕಳಿಸಿದ್ದೇನೆ. ಆದರೆ ಮನೆಗಳನ್ನು ನೀನೇ ಹೋಗಿ ತೋರಿಸು, ನನ್ನ ಅಕ್ಷರ ಓದುವವರು ಅಲ್ಲಿ ನೀನೊಬ್ಬಳೇ. ನನ್ನ ಮೇಲೆ ಎಷ್ಟು ದಂಡ ಹಾಕಿದರೂ ಕಟ್ಟುತ್ತೇನೆ ಎಂದು ಅವರಿಗೆ ಬರೆದಿದ್ದೇನೆ.

ನಿನ್ನ 14ನೇ ತಾರೀಖಿನ ಕಾಗದದಲ್ಲಿ ತಪ್ಪು ಹುಡುಕಿದೆ. ಒಂದೂ ಇರಲಿಲ್ಲ.

ಗಿರಿಧರ


ಮಹಾಲ್, ನಾಗಪುರ
31 ಮೇ 2024

ಅಪ್ಪಾ,

ನೌತಪಾದ ಏಳನೆಯ ದಿನ. ಬಿಸಿಲು ಬಾಗಿಲಲ್ಲೇ ನಿಂತಿರುತ್ತದೆ.

ಭೋಯರ್ ಅವರ ಜೀಪಿನಲ್ಲಿ ಮೂರು ದಿನ ತಿರುಗಿದೆವು. ನಿಮ್ಮ ಗುರುತುಗಳು ಬಹುಮಟ್ಟಿಗೆ ಸರಿ ಇದ್ದವು. ಹಸಿರು ಬಾಗಿಲು ಈಗ ನೀಲಿ. ಎಲ್ಲಿ ಹೋದರೂ ಅವರು ಪೈಪಿಗೆ ಮೀಟರ್ ಹಚ್ಚುತ್ತಾರೆ, ನಾನು ಟೆಸ್ಟರ್ ಹಿಡಿಯುತ್ತೇನೆ. ಎರಡು ಕಡೆ ಗುಂಡಿ ನಿಜವಾಗಿ ಇತ್ತು, ಒಳ್ಳೆಯದೇ ಇತ್ತು. ಅವು ನೀವು ಮೀಟರ್ ಹಚ್ಚಿ ನೋಡಿದ ಕಾಲದವು ಇರಬೇಕು. ಉಳಿದ ಕಡೆ ಲೈನ್ ತೆಗೆಸಿದರು. ಜನ ಬೈದರು, ಈ ಬಿಸಿಲಲ್ಲಿ ಮಕ್ಕಳನ್ನು ಎಲ್ಲಿ ಮಲಗಿಸೋದು ಅಂದರು. ದಂಡ ಕಟ್ಟುತ್ತೇವೆ, ಲೈನ್ ಬಿಟ್ಟುಬಿಡಿ ಅಂದರು. ನಾನು ತಲೆ ತಗ್ಗಿಸಿ ನಿಂತಿದ್ದೆ.

ನಮ್ಮ ವಾಡೆಯ ಗುಂಡಿ ತೋಡಿದ್ದಾಯಿತು. ಎಂಟು ಅಡಿ, ಕಾಕೂ ಉಪ್ಪಿನ ಚೀಲವನ್ನು ತಾವೇ ಹೊತ್ತು ತಂದರು. ನನ್ನ ಜೊತೆ ಮಾತಾಡುವುದಿಲ್ಲ, ಊಟ ಬಡಿಸುತ್ತಾರೆ. ಖುಷಿಯ ಒಂದು ಬೆರಳು ಹೋಯಿತು. ಎಡಗೈಯಲ್ಲಿ ಬರೆಯಲು ಕಲಿಯುತ್ತಿದ್ದಾಳಂತೆ, ಅಕ್ಷರ ನನ್ನ ಕನ್ನಡದ ಹಾಗಿದೆ ಎಂದು ಮೆಸೇಜ್ ಮಾಡಿದಳು.

ಏಳನೆಯ ಮನೆ. ಬುಟಿಬೋರಿ, ಕೊನೆಯ ಬಾಗಿಲು. ಅಲ್ಲಿ ಕೂಲರ್ ಇರಲಿಲ್ಲ. ಕಿಟಕಿಯ ಕೆಳಗೆ ಅದು ಕೂತಿದ್ದ ಚೌಕದಷ್ಟು ಗೋಡೆ ಬೆಳ್ಳಗಿತ್ತು. ಹೋದ ವರ್ಷ ಮೇ ತಿಂಗಳಲ್ಲಿ ತೆಗೆಸಿದೆವು ಎಂದು ಆ ಮನೆಯ ಮುದುಕಿ ಹೇಳಿದರು. ಎದುರಿನ ಗೋಡೆಯ ಮೇಲೆ ಸೊಸೆಯ ಫೋಟೋ ಇತ್ತು, ಮದುವೆಯ ಫೋಟೋದಿಂದ ಕತ್ತರಿಸಿ ದೊಡ್ಡದು ಮಾಡಿಸಿದ್ದು. ಪಕ್ಕದಲ್ಲಿ ಇನ್ನೊಬ್ಬರ ಭುಜ ಉಳಿದಿದೆ. ಹಾರ ಪ್ಲಾಸ್ಟಿಕ್ಕಿನದು. ಕಪಾಟಿನಿಂದ ಮುದುಕಿ ರಿಪೋರ್ಟ್ ತಂದುಕೊಟ್ಟರು, ಎಣ್ಣೆ ಕಾಗದದಲ್ಲಿ ಸುತ್ತಿ ಜೋಪಾನ ಮಾಡಿದ್ದರು. "ಸರಿ ಇದೆ ಅಂತ ಬರೆದಿತ್ತಲ್ಲ, ಹಾಗಾಗಿ ನಮ್ಮದೇ ತಪ್ಪು ಅಂದುಕೊಂಡೆವು, ಅವಳೇ ಒದ್ದೆ ಕಾಲಲ್ಲಿ ಕೂಲರ್ ಮುಟ್ಟಿದಳು ಅಂತ" ಎಂದರು.

ನನಗೆ ಮಜ್ಜಿಗೆ ಕೊಟ್ಟು, "ತುಝಂ ನಾವ್ ಕಾಯ್, ಬಾಳಾ?" ಎಂದು ಹೆಸರು ಕೇಳಿದರು. ರಂಜನಿ ಅಂದೆ. ಅಷ್ಟೇ ಅಂದೆ. ಮಧ್ಯದ ಹೆಸರು ಬಾಯಿಗೆ ಬರಲಿಲ್ಲ.

ನಿಮ್ಮ ಮೇಲಿನ ದಂಡದ ಆದೇಶ ಬಂತು, ನೀವು ಅದೇ ದಿನ ಕಟ್ಟಿದಿರಿ ಎಂದು ಅವ್ವ ಫೋನಿನಲ್ಲಿ ಹೇಳಿದಳು. ಈಗ ಮನಸ್ಸು ಹಗುರಾಗಿದೆ, ಊಟ ಮಾಡಿದರು ಎಂದೂ ಹೇಳಿದಳು.

ಆ ರಸೀದಿಯನ್ನು ಗೋಡೆಗೆ ಅಂಟಿಸಬೇಡಿ, ಅಪ್ಪಾ. ಮೊದಲ ಗಾಡಿಗೆ ಬನ್ನಿ. ಬುಟಿಬೋರಿಯ ಬಸ್ಸು ಎಲ್ಲಿ ಸಿಗುತ್ತದೆ ಎಂದು ನಿಮಗೆ ಗೊತ್ತು. ನಾನು ಜೊತೆಗೆ ಬರುತ್ತೇನೆ. ಆದರೆ ಆ ಮನೆಯಲ್ಲಿ ಹೆಸರು ನೀವೇ ಹೇಳಬೇಕು.

ನಿಮ್ಮ ಮಗಳು
ರಂಜನಿ ಗಿರಿಧರ ಮುಳಗುಂದ